ಸೋಂದೆಗೆ ಎಷ್ಟು ಸ್ಟಾರ್?

ನಮ್ಮ ಕಡೆಯ ಊರುಗಳ ಬಗ್ಗೆ ಯಾರೇ ಬರೆಯಲಿ, ವಿಡಿಯೋ ಮಾಡಲಿ, ಒಂದು ಮಾತು ಬಂದೇ ಬರುತ್ತದೆ: ಇಲ್ಲಿ ಕಾಲ ನಿಂತುಹೋಗಿದೆ. ಶಿರಸಿಯೋ, ಸಿದ್ದಾಪುರವೋ, ಯಲ್ಲಾಪುರವೋ, ವ್ಯತ್ಯಾಸ ಇಲ್ಲ. ಹಂಚಿನ ಮನೆ, ಮಂಜು, ಅಡಿಕೆ ತೋಟ, ಜಗುಲಿಯ ಮೇಲೆ ಕವಳ ಹಾಕುತ್ತ ಕೂತ ಅಜ್ಜ, ಹಿಂದಿನಿಂದ ಕೊಳಲಿನ ಸಂಗೀತ. ಮುಗೀತು. ಬೆಂಗಳೂರಿನಿಂದ ಎಂಟು ತಾಸಿನ ದಾರಿ, ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಸ್ಟಾರ್ ಯಾಕೆ ಹೋಯ್ತು ಅಂದ್ರೆ ನೆಟ್‌ವರ್ಕ್ ಸಿಗಲ್ಲ.

ಸಿನಿಮಾಗೆ ವಿಮರ್ಶೆ ಬರೆಯುತ್ತೇವೆ, ಪುಸ್ತಕಕ್ಕೆ ಬರೆಯುತ್ತೇವೆ. ಊರುಗಳ ಬಗ್ಗೆ ಬರುವ ಈ ಬರಹಗಳಿಗೆ ಮಾತ್ರ ಯಾರೂ ವಿಮರ್ಶೆ ಬರೆಯುವುದಿಲ್ಲ. ಆದರೆ ನಮ್ಮ ವಯಸ್ಸಿನವರು ಒಂದು ಊರನ್ನು ನೋಡುವುದೇ ಈಗ ಇವುಗಳ ಕಣ್ಣಿನಿಂದ. ಏನನ್ನು ನೋಡಬೇಕು, ಎಲ್ಲಿ ನಿಂತು ಫೋಟೋ ತೆಗೆಯಬೇಕು, ಯಾವುದಕ್ಕೆ "ವಾವ್" ಅನ್ನಬೇಕು ಎಲ್ಲ ಮೊದಲೇ ಗೊತ್ತಿರುತ್ತದೆ. ನನ್ನ ಮನೆ ಇರುವುದು ಸಿದ್ದಾಪುರ ತಾಲೂಕಿನಲ್ಲಿ, ಕೆಲಸ ಇರುವುದು ಬೆಂಗಳೂರಿನಲ್ಲಿ. ನೋಡುವವರ ಕಡೆಗೂ ನಾನಿದ್ದೇನೆ, ನೋಡಿಸಿಕೊಳ್ಳುವವರ ಕಡೆಗೂ ಇದ್ದೇನೆ. ಅದಕ್ಕೇ ಇಷ್ಟೊಂದು ಕಿರಿಕಿರಿ.

ಆಫೀಸಿನ ಗೆಳೆಯನೊಬ್ಬ ಇಟಲಿಗೆ ಹೋಗಿ ಬಂದು ಬೆಟ್ಟದ ತುದಿಯ ಒಂದು ಹಳೇ ಊರಿನ ಫೋಟೋ ತೋರಿಸಿದ. ರೋಮಿನ ಉತ್ತರಕ್ಕಿರುವ ಚಿವಿತಾ ದಿ ಬಾನ್ಯೊರೇಜೊ. ಕಲ್ಲಿನ ಮನೆ, ಕಲ್ಲಿನ ಓಣಿ, ಕಿಟಕಿಗೊಂದು ಹೂಕುಂಡ. "ನಿಮ್ಮ ಶಿರಸಿ ಕಡೆ ಇಂಥದ್ದು ಏನಾದ್ರೂ ಇದೆಯಾ?" ಅಂತ ಕೇಳಿದ. ಸೋಂದಾ ಇದೆ, ಹೋಗಿ ನೋಡು ಅಂದೆ. ಹೋದ. ಎರಡು ದಿನದ ನಂತರ ವಾಟ್ಸಾಪಲ್ಲಿ ಬಂತು ಅವನ ವಿಮರ್ಶೆ: "ಮಠ ಚೆನ್ನಾಗಿದೆ, ಊಟ ಸೂಪರ್, ಆದ್ರೆ ಊರೆಲ್ಲಿದೆ ಮಾರಾಯ?"

ಅವನ ಪ್ರಶ್ನೆ ತಮಾಷೆಯದಲ್ಲ. ಈ ಬರಹಗಳು ಎಡವುವುದು ಸರಿಯಾಗಿ ಅಲ್ಲೇ.

ಮೊದಲು ಇಟಲಿಯನ್ನೇ ನೋಡೋಣ. ಚಿವಿತಾ ನಿಂತಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲಿನ ದಿಬ್ಬದ ಮೇಲೆ. ಅದರ ಕೆಳಗೆ ಜೇಡಿಮಣ್ಣು. ಶತಮಾನಗಳಿಂದ ಅಂಚು ಕುಸಿಯುತ್ತಲೇ ಬಂದಿದೆ. 1695ರ ಭೂಕಂಪದ ನಂತರ ಜನ ಎದುರಿನ ಬಾನ್ಯೊರೇಜೊ ಊರಿಗೆ ಸರಿದರು. ಈಗ ಅಲ್ಲಿಗೆ ಹೋಗಲು 1965ರಲ್ಲಿ ಕಟ್ಟಿದ ಕಾಲುಸೇತುವೆ ಇದೆ. "ಸಾಯುತ್ತಿರುವ ಊರು" ಅನ್ನುವುದೇ ಅದರ ಬಿರುದು. 2013ರಿಂದ ಒಳಗೆ ಹೋಗಲು ಟಿಕೆಟ್. ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಕಾಯಂ ಆಗಿ ಇರುವವರು ಕೈಬೆರಳಲ್ಲಿ ಎಣಿಸುವಷ್ಟು.

ಇನ್ನೊಂದು ಊರು, ಅಬ್ರುಝೋ ಬೆಟ್ಟಗಳ ಸಾಂತೋ ಸ್ತೆಫಾನೋ ದಿ ಸೆಸ್ಸಾನಿಯೋ. ಕುರಿ ಉಣ್ಣೆಯ ವ್ಯಾಪಾರದಿಂದ ಬೆಳೆದದ್ದು. ಒಂದು ಕಾಲಕ್ಕೆ ಫ್ಲಾರೆನ್ಸಿನ ಮೆದಿಚಿ ಮನೆತನದ ಕೈಯಲ್ಲಿತ್ತು. ಉಣ್ಣೆ ಹೋಯಿತು, ಜನ ಕೆಲಸ ಹುಡುಕಿಕೊಂಡು ಹೋದರು, ಮನೆಗಳು ಖಾಲಿಯಾದವು. ಈ ಶತಮಾನದ ಆರಂಭದಲ್ಲಿ ಹೊರಗಿನ ಉದ್ಯಮಿಯೊಬ್ಬ ಆ ಖಾಲಿ ಮನೆಗಳಲ್ಲಿ ಕೆಲವನ್ನು ಕೊಂಡು ಚದುರಿದ ಹೋಟೆಲ್ ಮಾಡಿದ. ಒಂದು ಮನೆಯಲ್ಲಿ ರಿಸೆಪ್ಷನ್, ಇನ್ನೊಂದರಲ್ಲಿ ನಿಮ್ಮ ಕೋಣೆ, ಮತ್ತೊಂದರಲ್ಲಿ ಊಟ. ಮಸಿ ಹಿಡಿದ ಗೋಡೆಯನ್ನೂ ಬಿಳಿ ಮಾಡದೆ ಹಾಗೇ ಇಟ್ಟಿದ್ದಾರೆ.

ಇದನ್ನು ಹಂಗಿಸಲು ಹೇಳುತ್ತಿಲ್ಲ. ಬಿದ್ದುಹೋಗುತ್ತಿದ್ದ ಊರನ್ನು ಹೀಗಾದರೂ ಉಳಿಸಿಕೊಂಡರಲ್ಲ, ಅದು ದೊಡ್ಡ ಕೆಲಸವೇ. ಆದರೆ ಗಮನಿಸಿ, ಆ ಊರುಗಳಲ್ಲಿ "ಕಾಲ ನಿಂತಿದೆ" ಅಂದರೆ ನಿಜವಾಗಿ ನಿಂತಿರುವುದು ಕೆಲಸ. ಜನ ಹೋದರು, ಕಲ್ಲು ಉಳಿಯಿತು. ಪ್ರವಾಸಿ ನೋಡುವುದು ಆ ಉಳಿದ ಕಲ್ಲನ್ನು.

ನಮ್ಮ ಕಡೆ ಈ ಲೆಕ್ಕ ನಡೆಯುವುದಿಲ್ಲ. ನಮ್ಮ ಮನೆಗಳು ಮಣ್ಣಿನ ಗೋಡೆ, ಮರದ ಜಂತಿ, ಮಾಡಿಗೆ ಹಂಚು; ಅದಕ್ಕೂ ಮುಂಚೆ ಸೋಗೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಬೇಸಿಗೆಯಲ್ಲಿ ಹಂಚು ಕೈಯಾಡಿಸದೆ ಬಿಟ್ಟರೆ ಜೂನಿಗೆ ಸೋರುತ್ತದೆ. ಬೀಗ ಹಾಕಿ ನಾಲ್ಕೈದು ಮಳೆಗಾಲ ಬಿಟ್ಟರೆ ಜಂತಿಗೆ ಗೆದ್ದಲು, ಗೋಡೆಗೆ ನೀರು, ಆಮೇಲೆ ಅಂಗಳದಲ್ಲಿ ಗಿಡ. ಚಿವಿತಾ ಥರ ಖಾಲಿಯಾಗಿ ಚಂದ ಕಾಣುವ ಸೌಭಾಗ್ಯ ನಮ್ಮ ಮನೆಗಳಿಗಿಲ್ಲ. ನೀವು ಫೋಟೋ ತೆಗೆದ ಹಳೇ ಮನೆ ಹಳೇದಾಗಿ ನಿಂತಿದೆ ಅಂದರೆ ಹೋದ ಬೇಸಿಗೆಯಲ್ಲಿ ಯಾರೋ ಅದರ ಮಾಡು ಹತ್ತಿದ್ದಾರೆ ಅಂತ ಅರ್ಥ. ಇಂಥದೊಂದು ವಿಡಿಯೋ ನೋಡಿ ನಮ್ಮ ಅಪ್ಪಯ್ಯ ಕೇಳಿದ್ದು ಇಷ್ಟೇ: "ಚೊಲೋ ಇದ್ದು ಹೇಳ್ತ. ಹಂಚು ಕೈಯಾಡ್ಸಲೆ ಬತ್ವ?"

ಈಗ ಸೋಂದೆಗೆ ಬರೋಣ. ಸೋಂದಾ, ಸೋದೆ, ಸ್ವಾದಿ, ಮೂರೂ ಒಂದೇ. ವಿಜಯನಗರದ ಕೊನೆಗಾಲದಲ್ಲಿ ಅರಸಪ್ಪ ನಾಯಕನ ಕಾಲಕ್ಕೆ ಎದ್ದು ನಿಂತ ಸಂಸ್ಥಾನದ ರಾಜಧಾನಿ. ವಾದಿರಾಜರು ನೆಲೆಸಿದ, ಅವರ ಬೃಂದಾವನವಿರುವ ಜಾಗ. ಅಲ್ಲೇ ಸ್ವರ್ಣವಲ್ಲಿ ಮಠ, ಅಲ್ಲೇ ಜೈನ ಮಠ. ಸ್ವರವಚನಗಳನ್ನು ಬರೆದ ಸದಾಶಿವರಾಯ ಎಂಬ ವೀರಶೈವ ದೊರೆಯೂ ಇದೇ ಊರಿನವನು. ಕಾರವಾರದ ಪಕ್ಕದ ಸದಾಶಿವಗಡದ ಕೋಟೆ ಸೋಂದೆ ಅರಸರದ್ದು. ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಕೆತ್ತಿದ ಸಹಸ್ರಲಿಂಗವೂ ಅವರ ಕಾಲದ್ದೇ. ಮಳೆಗಾಲದಲ್ಲಿ ಹೋಗಿ, ಲಿಂಗ ನೀರಿನಲ್ಲಿ ಮುಳುಗಿತ್ತು ಅಂತ ಸ್ಟಾರ್ ಕಡಿಮೆ ಮಾಡುವವರೂ ಇದ್ದಾರೆ. ಹೊಳೆಗೆ ಹೇಳಿಡಬೇಕಿತ್ತೇನೋ.

1760ರ ದಶಕದಲ್ಲಿ ಹೈದರಾಲಿ ಸೋಂದೆಯನ್ನು ಗೆದ್ದ. ಅರಸು ಮನೆತನ ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆಯಿತು, ಮರಳಿ ಬರಲಿಲ್ಲ. ಅರಮನೆ ಹೋಯಿತು, ಪೇಟೆ ಹೋಯಿತು. ಇವತ್ತು ಅಲ್ಲಿ ಕೋಟೆಯ ಅವಶೇಷ, ಕೆರೆ, ದೇವಸ್ಥಾನ, ಮಠಗಳಿವೆ. ಸುತ್ತ ಒಂದೊಂದು ಕಣಿವೆಗೆ ನಾಲ್ಕು ಮನೆಯಂತೆ ಚದುರಿದ ಊರುಕೇರಿ. ನನ್ನ ಗೆಳೆಯ ಹುಡುಕಿದ ಓಣಿ ಅಲ್ಲಿಲ್ಲ. ಮಲೆನಾಡಿನ ಊರು ಮನೆಗಳ ಗುಂಪಲ್ಲ, ತೋಟದ ಸಾಲು. ಮನೆ ತೋಟದ ತಲೆಯ ಮೇಲೆ, ಒಂದು ಕೂಗಿಗೆ ಕೇಳಿಸುವಷ್ಟು ದೂರದಲ್ಲಿ ಇನ್ನೊಂದು ಮನೆ. ಊರೆಲ್ಲಿದೆ ಅಂದರೆ ಅವನು ದಾಟಿಕೊಂಡು ಬಂದದ್ದೆಲ್ಲ ಊರೇ.

ಇದನ್ನು ಸರಿಯಾಗಿ ಕಂಡ ಪ್ರವಾಸಿಯೊಬ್ಬ ಇದ್ದ. ಫ್ರಾನ್ಸಿಸ್ ಬುಕಾನನ್, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸುತ್ತಿ 1801ರಲ್ಲಿ ಸೋಂದೆ, ಶಿರಸಿ, ಬನವಾಸಿಗೆ ಬಂದ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅವನು ಬಂದಾಗ ಸೋಂದೆ ಯುದ್ಧಗಳಲ್ಲಿ ನಲುಗಿ ಹಾಳುಬಿದ್ದ ರಾಜಧಾನಿ. ನಮ್ಮ ವಿಡಿಯೋದವರಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ಬುಕಾನನ್ ಅವಶೇಷದ ಮುಂದೆ ನಿಂತು ನಿಟ್ಟುಸಿರು ಬಿಡಲಿಲ್ಲ. ತೋಟಕ್ಕೆ ಇಳಿದ. ಅಡಿಕೆ, ಕಾಳುಮೆಣಸು, ಏಲಕ್ಕಿ ಹೇಗೆ ಬೆಳೆಯುತ್ತಾರೆ, ಗೊಬ್ಬರ ಏನು, ಕೆಲಸ ಯಾರು ಮಾಡುತ್ತಾರೆ, ಕಂದಾಯ ಎಷ್ಟು ಅಂತ ಕೇಳಿ ಕೇಳಿ ಬರೆದುಕೊಂಡ.

ಅವನು ಪುಣ್ಯಾತ್ಮ ಅಂತಲ್ಲ. ಹೊಸದಾಗಿ ಕೈಗೆ ಬಂದ ನೆಲದಿಂದ ಕಂಪನಿಗೆ ಏನೇನು ಹುಟ್ಟುತ್ತದೆ ಅಂತ ಲೆಕ್ಕ ಹಾಕಲು ಬಂದವನು. ಆದರೆ ಸುಲಿಯಲು ಬಂದವನು ಕೇಳಿದಷ್ಟು ಪ್ರಶ್ನೆಯನ್ನೂ ಪ್ರೀತಿಸಲು ಬಂದ ನಾವು ಕೇಳುವುದಿಲ್ಲ ಅನ್ನುವುದು ಸ್ವಲ್ಪ ನಾಚಿಕೆಯ ವಿಷಯ ಅಲ್ವಾ?

ಯಾಕೆಂದರೆ ಈ ಮೂರು ತಾಲೂಕುಗಳಲ್ಲಿ ನಿಜವಾಗಿ ಹಳೆಯದು ಏನಾದರೂ ಇದ್ದರೆ ಅದು ತೋಟ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು 16ನೇ ಶತಮಾನದಲ್ಲಿ. ಆ ಮೆಣಸು ಆಕಾಶದಿಂದ ಬರಲಿಲ್ಲ; ಘಟ್ಟದ ತೋಟಗಳಿಂದ ಇಳಿದು ಬಂತು. ಕಣಿವೆಯ ತಗ್ಗಿನಲ್ಲಿ ಅಡಿಕೆ, ಅದನ್ನು ಹಬ್ಬಿದ ಮೆಣಸಿನ ಬಳ್ಳಿ, ಬುಡದಲ್ಲಿ ಏಲಕ್ಕಿ, ಬಾಳೆ. ನೀರು ಹರಿಯಲು ಕಾಲುವೆ. ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಇಳಿಯಬೇಕು. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಅಂತ ನಿಗದಿಯಾಯಿತು. ಬೆಟ್ಟ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಆ ಹಕ್ಕಿನ ಬಗ್ಗೆ ಇವತ್ತಿಗೂ ಜಗಳ ಮುಗಿದಿಲ್ಲ. ಎಷ್ಟೋ ಬೆಟ್ಟಗಳನ್ನು ನಾವೇ ಬೋಳು ಮಾಡಿದ್ದೇವೆ ಅನ್ನುವುದೂ ನಿಜ. ವಿಡಿಯೋದಲ್ಲಿ ಇವೆಲ್ಲ ಸೇರಿ ಏನಾಗುತ್ತದೆ ಗೊತ್ತಾ? ಹಸಿರು ಹಿನ್ನೆಲೆ.

"ಯಾರೂ ಮುಟ್ಟದ ಕಾಡು" ಅನ್ನುವುದೂ ಹೀಗೇ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಜನ ಕಳಸೆ ಕಾಡಿಗೆ ನಡೆದುಹೋಗಿ ಕಡಿಯಲು ಗುರುತು ಮಾಡಿದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. ಅದಕ್ಕೆ ತುಸು ಮುಂಚೆ ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಇಲ್ಲಿನ ಬೆಳೆಗಾರರು ವಿಜ್ಞಾನಿಗಳನ್ನು ಕರೆಸಿ ಶಿರಸಿಯಲ್ಲೇ ಚರ್ಚೆ ಮಾಡಿಸಿದರು, ಯೋಜನೆ ನಿಂತಿತು. ಆ ಕಾಡು ಉಳಿದಿರುವುದು ಯಾರೂ ಮುಟ್ಟಲಿಲ್ಲ ಅಂತಲ್ಲ, ಮುಟ್ಟಲು ಬಿಡಲಿಲ್ಲ ಅಂತ.

ಇನ್ನು ಜನ. ಇಲ್ಲಿ ನಮ್ಮವರ ಬರಹಗಳನ್ನೂ ಸೇರಿಸಿಯೇ ಹೇಳಬೇಕು. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತು ತಂಬುಳಿ, ತೊಡೆದೇವು, ಅಜ್ಜನ ಮನೆ ಅಂತ ಬರೆಯುವ ಹವ್ಯಕರ ಲೇಖನಗಳಲ್ಲಿ ಊರು ಅಂದರೆ ಒಂದು ಮನೆ. ಆ ಮನೆಯ ಅಡಿಕೆ ಕೊಯ್ಯುವ ಕೊನೆಗೌಡ ಎಲ್ಲಿ? ಅರವತ್ತು ಅಡಿ ಎತ್ತರದಲ್ಲಿ ಮರದಿಂದ ಮರಕ್ಕೆ ದಾಟುತ್ತ ಕೊನೆ ಇಳಿಸುವವನು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವವನು ಅವನೇ. ಅವನು ಸಿಗದಿದ್ದರೆ ಆ ವರ್ಷದ ಬೆಳೆಯೇ ಇಲ್ಲ. ಆದರೆ ನೆನಪಿನ ಲೇಖನಗಳಲ್ಲಿ ಅವನಿಗೆ ಅರ್ಧ ವಾಕ್ಯ. ಯಲ್ಲಾಪುರದ ಕಡೆಯ ಸಿದ್ದಿಗಳಿಗೆ ಇನ್ನೊಂದು ಬಗೆಯ ಅನ್ಯಾಯ. ಅವರು ಬರುವುದು "ನಮ್ಮ ಕಾಡಲ್ಲಿ ಆಫ್ರಿಕಾ" ಎಂಬ ಅಚ್ಚರಿಯಾಗಿ, ಡೋಲು ಬಾರಿಸಿ ಕುಣಿದು ಮರೆಯಾಗಲು. ತಲೆತಲಾಂತರದಿಂದ ಇದೇ ಕಾಡು ತೋಟಗಳಲ್ಲಿ ದುಡಿದು, ಇಲ್ಲಿನ ಮಾತನ್ನೇ ಆಡುವ ಜನಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ ಅನ್ನುವುದು ಯಾವ ವಿಡಿಯೋದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಗೌಳಿಗಳು, ಕುಣಬಿಗಳು ಅಂತೂ ಫ್ರೇಮಿನ ಒಳಗೇ ಬರುವುದಿಲ್ಲ.

ತಿಂಗಳೂ ಇಲ್ಲ. ಈ ಬರಹಗಳಲ್ಲಿ ಯಾವಾಗಲೂ ಅಕ್ಟೋಬರ್. ಸಿದ್ದಾಪುರದ ಪಕ್ಕದ ಸೊರಬದ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಚಳಿಗಾಲದ ಕೊನೆಗೆ, ಬೇಸಿಗೆಗೆ ಇಲ್ಲಿ ದೊಡ್ಡ ಹೆದರಿಕೆ. ದರಕು ತರಲು ಹೋಗುವ ಹೆಂಗಸರು ಉಣ್ಣಿ ಹತ್ತದಿರಲಿ ಅಂತ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಅದೇ ಕಾಡಿನಲ್ಲಿ ಬರಿಗಾಲಲ್ಲಿ ನಡೆದು "ಡಿಟಾಕ್ಸ್" ಮಾಡಿಕೊಳ್ಳಿ ಅಂತ ಸಲಹೆ ಕೊಡುವುದು ಬರೀ ಬಾಲಿಶವಲ್ಲ, ಅಪಾಯ.

ಚಿವಿತಾಕ್ಕೆ ಹೋಲಿಕೆ ಬೇಕೇ ಬೇಕು ಅಂದರೆ ಸೋಂದಾ ಅಲ್ಲ, ಯಲ್ಲಾಪುರ ತಾಲೂಕಿನ ಕಳಚೆಯನ್ನು ನೋಡಬೇಕು. 2021ರ ಜುಲೈ ಮಳೆಯಲ್ಲಿ ಅಲ್ಲಿ ಗುಡ್ಡಗಳು ಕುಸಿದವು. ರಸ್ತೆ ಹೋಯಿತು, ತೋಟಗಳು ಮರದ ಸಮೇತ ಜಾರಿದವು, ಮನೆಗಳು ಅಪಾಯಕ್ಕೆ ಸಿಕ್ಕಿದವು. ಬೇರೆ ಕಡೆ ಜಾಗ ಕೊಡಿ ಅಂತ ಜನ ಕೇಳಿದರು. ಎರಡೂ ಕಡೆ ಕಾಲ ಕೆಳಗಿನ ನೆಲವೇ ಜಾರುತ್ತಿದೆ. ಆದರೆ ಚಿವಿತಾದ ಸಾವು ಮೂರು ಶತಮಾನದ್ದು, ಸಾಯುವವರ್ಯಾರೂ ಈಗ ಅಲ್ಲಿಲ್ಲ, ಹಾಗಾಗಿ ಟಿಕೆಟ್ ಕೊಟ್ಟು ನೋಡಬಹುದು. ಕಳಚೆಯಲ್ಲಿ ಅಡಿಕೆ ಸಸಿ ನೆಟ್ಟು, ನೀರು ಹಾಕಿ, ಫಲಕ್ಕೆ ಕಾದವರು ಇದ್ದಾರೆ. ತೋಟ ಹೋದವನಿಗೆ ಬೇರೆ ಕಡೆ ಜಾಗ ಸಿಕ್ಕರೂ ಆ ಮಣ್ಣಿನ, ನೀರಿನ ಲೆಕ್ಕವನ್ನು ಅವನು ಮೊದಲಿಂದ ಕಲಿಯಬೇಕು. "ಕಾಲ ನಿಂತ ಊರು" ಅಂತ ಬರೆಯುವವರಿಗೆ ಇಂಥ ಊರಿನ ಬಗ್ಗೆ ಬರೆಯಲು ಪದವೇ ಇಲ್ಲ. ಯಾಕೆಂದರೆ ಅಲ್ಲಿ ಕಾಲ ನಿಂತಿಲ್ಲ, ಗುಡ್ಡದ ಜೊತೆ ಕೆಳಗಿಳಿಯಿತು.

ಹೋಮ್‌ಸ್ಟೇ ಬೇಡ ಅಂತ ನಾನು ಹೇಳುವುದಿಲ್ಲ. ಮಕ್ಕಳೆಲ್ಲ ಹೊರಗಿದ್ದು ಇಬ್ಬರೇ ವಯಸ್ಸಾದವರಿರುವ ಮನೆಗೆ ನಾಲ್ಕು ಜನ ಬಂದು ಹೋದರೆ ದುಡ್ಡೂ ಆಗುತ್ತದೆ, ಮಾತಿಗೂ ಆಗುತ್ತದೆ. ನಾನು ಹೆದರುವುದು ಸಾಂತೋ ಸ್ತೆಫಾನೋದ ಪಾಠಕ್ಕೆ. ಅಲ್ಲಿ ಉಣ್ಣೆ ಹೋದ ಮೇಲೆ ಅತಿಥಿಗಳು ಬಂದರು. ಇಲ್ಲಿ ಅಡಿಕೆ, ಮೆಣಸು ಇನ್ನೂ ಇದೆ. ತೋಟದ ಆದಾಯಕ್ಕೆ ಅತಿಥಿ ಜೊತೆಯಾದರೆ ಊರು ಉಳಿಯುತ್ತದೆ. ತೋಟ ಹೋಗಿ ಅತಿಥಿ ಒಬ್ಬನೇ ಬೆಳೆಯಾದರೆ ಉಳಿಯುವುದು ರಿಸಾರ್ಟು.

ಹಾಗಾದರೆ ನೋಡುವುದೇನು? ನನ್ನನ್ನು ಕೇಳಿದರೆ, ಒಂದು ಬೆಳಿಗ್ಗೆ ಶಿರಸಿಯ ಅಡಿಕೆ ಮಾರುಕಟ್ಟೆಗೆ ಹೋಗಿ. 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಸಂಘ, ಟಿ.ಎಸ್.ಎಸ್., ಇವತ್ತಿಗೂ ವಹಿವಾಟು ನಡೆಸುವ ಊರು ಅದು. ಚಾಲಿ ಯಾವುದು, ರಾಶಿ ಯಾವುದು ನೋಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಸೇರಿ "ಶಿರಸಿ ಸುಪಾರಿ"ಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ನೀವು ಫೋಟೋ ತೆಗೆದ ಮನೆಯ ಮೇಲೆ ಹಂಚು ಇರುತ್ತದೋ ಇಲ್ಲವೋ, ಅಜ್ಜ ಆಸ್ಪತ್ರೆಗೆ ಹೋಗುತ್ತಾನೋ ಇಲ್ಲವೋ ತೀರ್ಮಾನವಾಗುವುದು ಅವತ್ತಿನ ದರದಲ್ಲಿ. ಅಲ್ಲಿ ಕೊಳಲಿಲ್ಲ, ಚೀಲ ಎತ್ತುವವರ ಕೂಗಾಟ ಇದೆ. ನಾನಂತೂ ಐದು ಸ್ಟಾರ್ ಕೊಡುತ್ತೇನೆ.

ಸೋಂದೆಯ ಅರಸರು ಗೋವಾಕ್ಕೆ ಹೋದಾಗ ರಾಜಧಾನಿ ಹೋಯಿತು, ಊರು ಉಳಿಯಿತು. ತೋಟ ಮಾಡುವವರಲ್ಲಿ ಹಲವರು ಉಳಿದರು, ಹೋದವರಲ್ಲಿ ಕೆಲವರು ಮರಳಿದರು, ಹಾಳುಬಿದ್ದದ್ದನ್ನು ಮತ್ತೆ ನೆಟ್ಟರು. ಈ ಸಲ ಹೋಗುತ್ತಿರುವುದು ಅರಸರಲ್ಲ, ನಾವು. ನಮ್ಮ ಊರಿನ ಕಡೆ ಬೀಗ ಬಿದ್ದ ಮನೆಗಳ ಮಕ್ಕಳೆಲ್ಲ ನನ್ನಂತೆ ವೈಟ್‌ಫೀಲ್ಡಲ್ಲೋ ಪುಣೆಯಲ್ಲೋ ಇದ್ದಾರೆ. ತೋಟವನ್ನು ಗೇಣಿಗೆ ಕೊಡುವುದೋ, ಮಾರುವುದೋ, ಕೊನೆಗೌಡನ ಮಗನಿಗೇ ಪಾಲು ಕೊಟ್ಟು ಮಾಡಿಸುವುದೋ, ವರ್ಷಕ್ಕೆ ಆರು ತಿಂಗಳು ಹೋಗಿ ಇರುವುದೋ, ಮುಂದಿನ ಹತ್ತು ಹದಿನೈದು ವರ್ಷದಲ್ಲಿ ನಾವೇ ತೀರ್ಮಾನ ಮಾಡಬೇಕು. ಆ ತೀರ್ಮಾನ ಮಾಡುವ ಕಣ್ಣಿಗೆ ಊರು ಬರೀ ಮಂಜು, ಹಂಚು, ತಂಬುಳಿಯಾಗಿ ಕಂಡರೆ ಮಾರುವುದು ಸುಲಭ. ಅದರ ಬೆಲೆ ನೋಟದ ಬೆಲೆ ಅಷ್ಟೇ, ಕೊಳ್ಳುವವರು ಬೇಕಾದಷ್ಟು ಇದ್ದಾರೆ.

ಮುಂದಿನ ಸಲ ಆ ಕಡೆ ಹೋದವರು ಬರೆಯುವಾಗ ನಾಲ್ಕು ವಿಷಯ ಸೇರಿಸಿ ಅಂತ ನನ್ನ ಕೋರಿಕೆ. ಹೋದ ತಿಂಗಳು ಯಾವುದು. ಆ ಮನೆಯ ತೋಟಕ್ಕೆ ಈ ವರ್ಷ ಮದ್ದು ಹೊಡೆದವರು ಯಾರು. ಬೆಟ್ಟದಿಂದ ಸೊಪ್ಪು ಬರುತ್ತಿದೆಯೋ ಇಲ್ಲವೋ. ಪಕ್ಕದ ಮನೆಗೆ ಬೀಗ ಬಿದ್ದು ಎಷ್ಟು ವರ್ಷವಾಯಿತು. ಸ್ಟಾರ್ ಎಷ್ಟಾದರೂ ಕೊಟ್ಟುಕೊಳ್ಳಿ.